ಕವುಚಿದ ಮಂಜಿಯ ಕೆಳಗೆ ರೈಲು

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಹೇಳುವವರು ಯಾರೂ ಉಳಿದಿಲ್ಲ, ಹೊಯ್ಗೆಕೋಡಿ ಎಂಬ ಬಂದರಿನಲ್ಲಿ ಅಂತಯ್ಯಾಚಾರಿ ಎಂಬ ಮರದ ಕೆಲಸದವನಿದ್ದನಂತೆ. ಮನೆ ಕಟ್ಟುವ ಆಚಾರಿಯಲ್ಲ, ಮಂಜಿ ಕಟ್ಟುವ ಆಚಾರಿ. ಮಂಜಿಯೆಂದರೆ ಸರಕು ಹೊತ್ತು, ಹಾಯಿ ಬಿಚ್ಚಿ, ಸಮುದ್ರ ದಾಟುವ ದೊಡ್ಡ ದೋಣಿ. ಅಂತಯ್ಯ ಕಟ್ಟಿದ ಮಂಜಿಯೊಳಗೆ ನಲವತ್ತು ವರ್ಷ ಒಂದು ಹನಿ ನೀರೂ ಇಳಿಯಲಿಲ್ಲವಂತೆ. ಅದರಲ್ಲಿ ಉಪ್ಪು ತುಂಬಿಕೊಂಡು ಅರಬಸ್ತಾನಕ್ಕೆ ಹೋದವರು ಒಂದು ಹರಳೂ ಕರಗದಂತೆ ಇಳಿಸಿದರಂತೆ. ಅರಬಸ್ತಾನಕ್ಕೆ ಇಲ್ಲಿಂದ ಉಪ್ಪು ಯಾಕೆ ಒಯ್ದರು ಎಂದು ಕೇಳಬೇಡಿ. ಹಾಗೆ ಹೇಳುತ್ತಾರೆ, ಅಷ್ಟೆ.

ಅಂತಯ್ಯನಿಗೆ ಎಲ್ಲಿ ಸಂದು ಕಂಡರೂ ಕೈ ತುರಿಸುತ್ತಿತ್ತಂತೆ. ನೆಂಟರ ಮನೆಗೆ ಹೋದರೆ ಊಟಕ್ಕೆ ಮುಂಚೆ ಅವರ ಬಾಗಿಲಿನ ಹಲಗೆಯ ಮೇಲೆ ಹೆಬ್ಬೆರಳು ಆಡಿಸಿ ನೋಡುತ್ತಿದ್ದನಂತೆ. ಹೆಂಡತಿ ಪದ್ದಕ್ಕನಿಗೆ ನಾಚಿಕೆಯೋ ನಾಚಿಕೆ.

ಹೀಗಿರುವಾಗ ಬಂದರಿನ ತನಕ ರೈಲು ಬರುತ್ತದೆ ಎಂದಾಯಿತು. ಸ್ಟೇಷನ್ ಕಟ್ಟಿಸಲು ಕ್ಲಾಸೆನ್ ಎಂಬ ಜರ್ಮನ್ ದೊರೆ ಬಂದ. ಅವನು ಹುಟ್ಟಿದ ಊರೂ ಒಂದು ಬಂದರೇ. ಅಲ್ಲಿ ಮೊದಲು ಮರದ ಸ್ಟೇಷನ್ ಇತ್ತಂತೆ, ಅದಕ್ಕೆ ಬೆಂಕಿ ಬಿದ್ದು, ಆಮೇಲೆ ಕಬ್ಬಿಣದ್ದು ಕಟ್ಟಿದರಂತೆ. ಆ ಸ್ಟೇಷನ್ನಿನ ಚಿತ್ರವನ್ನು ದೊರೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡೇ ಬಂದಿದ್ದ. ಕೆಂಪು ಇಟ್ಟಿಗೆಯ ಎರಡು ಗೋಪುರ, ಒಂದರಲ್ಲಿ ಗಡಿಯಾರ. ಎರಡರ ನಡುವೆ ಕಬ್ಬಿಣದ ಕಮಾನುಗಳ ದೊಡ್ಡ ಚಾವಣಿ, ಅದರ ಕೆಳಗೆ ಆರು ರೈಲು ಒಟ್ಟಿಗೆ ನಿಲ್ಲಬಹುದು. ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ನಿಂತರೆ ಹಡಗುಗಳೇ ಕಾಣುತ್ತವೆ. ಚಾವಣಿಯ ನೆತ್ತಿಯಲ್ಲಿ ಮಾತ್ರ ಈ ತುದಿಯಿಂದ ಆ ತುದಿಗೆ ಒಂದು ಸಂದು.

ಹೊಯ್ಗೆಕೋಡಿಯಲ್ಲೂ ಅಂಥದ್ದೇ ಆಗಬೇಕು ಎಂದು ದೊರೆಯ ಆಸೆ. ಆರು ರೈಲಿಗಲ್ಲ, ಎರಡಕ್ಕೆ. ಇಟ್ಟಿಗೆಯ ಬದಲು ಮುರಕಲ್ಲಿನಲ್ಲಿ ಗೋಪುರ ಎದ್ದವು, ಗಡಿಯಾರವೂ ಕೂತಿತು. ಕಬ್ಬಿಣದ ಕಮಾನು ಹೊತ್ತ ಹಡಗು ಮಾತ್ರ ಅಳಿವೆಯ ಬಾಯಿಗೆ ಬಂದು, ಮರಳ ದಿಬ್ಬಕ್ಕೆ ತಾಗಿ, ಮಗುಚಿತು. ಈಗಲೂ ನೀರು ಇಳಿದಾಗ ಒಂದು ಕಮಾನಿನ ತುದಿ ಕಾಣುತ್ತದೆ ಎನ್ನುವವರಿದ್ದಾರೆ. ಇನ್ನೊಂದು ಹಡಗು ಬರಬೇಕೆಂದರೆ ಮಳೆಗಾಲ ಕಳೆಯಬೇಕು. ದೊರೆ ತಲೆಗೆ ಕೈಹೊತ್ತು ಕೂತ.

ಆಗ ಅಂತಯ್ಯ ಹೋಗಿ ಆ ಚಿತ್ರವನ್ನು ನೋಡಿದನಂತೆ. ಹಾಗೊಮ್ಮೆ ನೋಡಿದ, ತಲೆಕೆಳಗು ಮಾಡಿ ಇನ್ನೊಮ್ಮೆ ನೋಡಿದ. "ಇದ್ ಕವುಚಿ ಹಾಕಿದ್ ಮಂಜಿ ಅಲ್ದಾ ದೊರೆ? ನಾ ಕಟ್ತೆ" ಎಂದನಂತೆ.

ಕಟ್ಟಿದ. ಹೆಬ್ಬಲಸಿನ ಪಕ್ಕೆಮರ ಇಪ್ಪತ್ತೆರಡು ಜೊತೆ ಪಕ್ಕೆಲುಬಿನಂತೆ ಬಗ್ಗಿಸಿ ನಿಲ್ಲಿಸಿದ. ಮಂಜಿಯ ಬುಡದಲ್ಲಿ ಉದ್ದಕ್ಕೆ ಹೋಗುವ ಅಡಿಮರವನ್ನು ಇಲ್ಲಿ ನೆತ್ತಿಗೆ ಏರಿಸಿದ. ಹಲಗೆ ಹಲಗೆಯ ಸಂದಿಗೆ ತೆಂಗಿನ ನಾರು ತುರುಕಿ, ರಾಳ ಬಳಿದು, ಮೇಲಿಂದ ಮೀನೆಣ್ಣೆ ಉಜ್ಜಿದ. ಚಿತ್ರದಲ್ಲಿದ್ದ ಆ ನೆತ್ತಿಯ ಸಂದು ಅವನಿಗೆ ಮೊದಲೇ ಕಂಡಿತ್ತು. ಕ್ಲಾಸೆನ್ ದೊರೆ ಆಗ ಮೇಲಿನ ಹೊಳೆಯಲ್ಲಿ ಸೇತುವೆ ಕಟ್ಟಿಸಲು ಹೋಗಿದ್ದ, ಕೇಳೋಣವೆಂದರೆ ಆಸಾಮಿ ಇಲ್ಲ. ಪಾಪ, ಅವರ ಕಡೆಯ ಆಚಾರಿಗಳಿಗೆ ನೆತ್ತಿ ಕೂಡಿಸಲು ಬರಲಿಲ್ಲ, ದೊರೆಗೆ ಹೇಳಿ ಮುಜುಗರ ಮಾಡುವುದು ಯಾಕೆ ಎಂದುಕೊಂಡ. ತನ್ನ ಪಾಡಿಗೆ ತಾನು ಸಂದು ಮುಚ್ಚಿದ. ಆ ಚಾವಣಿಯೊಳಗೆ ಒಂದು ಸೊಳ್ಳೆ ಹೊಕ್ಕರೆ ಬಾಗಿಲಿನಿಂದಲೇ ಹೊರಗೆ ಬರಬೇಕಿತ್ತಂತೆ.

ಮೊದಲ ರೈಲಿನಲ್ಲಿ ಕ್ಲಾಸೆನ್ ದೊರೆಯೂ ಅವನ ಮೇಲಿನ ದೊಡ್ಡ ದೊರೆಯೂ ಬಂದರು. ಊರಿಗೆ ಊರೇ ಚಾವಣಿಯ ಕೆಳಗೆ ನಿಂತಿತ್ತು. ಇಂಜಿನ್ ಕೂಗುತ್ತಾ ಒಳಗೆ ಬಂತು, ನಿಂತಿತು, ಹೊಗೆ ಬಿಟ್ಟಿತು. ಹೊಗೆ ಮೇಲೆ ಹೋಯಿತು, ದಾರಿ ಕಾಣದೆ ಕೆಳಗೆ ಬಂತು. ಎದುರಿನವರ ಮುಖ ಕಾಣದಂತಾಯಿತು. ಕೆಮ್ಮು, ಕೂಗಾಟ, ತಳ್ಳಾಟ. ಜನ ಒಬ್ಬರನ್ನೊಬ್ಬರು ತುಳಿದುಕೊಂಡು ಹೊರಗೆ ಬಿದ್ದರು. ಪದ್ದಕ್ಕನನ್ನು ನಾಲ್ಕು ಜನ ಎತ್ತಿಕೊಂಡು ಬರಬೇಕಾಯಿತು. ಅವಳು ಕಣ್ಣು ಬಿಡುವ ತನಕ ಅಂತಯ್ಯ ಅವಳ ಕಾಲ ಬಳಿ ಕಲ್ಲಾಗಿ ಕೂತಿದ್ದನಂತೆ.

ದೊಡ್ಡ ದೊರೆ ಕೆಮ್ಮುತ್ತಲೇ ಅಪ್ಪಣೆ ಮಾಡಿದ. ಎಂಟು ದಿನ ಬಿಟ್ಟು ಇನ್ನೊಂದು ರೈಲು ಬರುತ್ತದೆ. ಅಷ್ಟರಲ್ಲಿ ಹೊಗೆಗೆ ದಾರಿಯಾಗದಿದ್ದರೆ ಸ್ಟೇಷನ್ ಇಲ್ಲಿ ಬೇಡ, ಹಳಿ ಕಿತ್ತು ಎರಡು ಹರದಾರಿ ಆಚೆಯ ಬೈಲಂಗಡಿಗೆ ಒಯ್ಯುತ್ತೇವೆ ಎಂದ. ರೈಲು ಹೋದರೆ ಸರಕು ಹೋಗುತ್ತದೆ, ಸರಕು ಹೋದರೆ ಬಂದರಿಗೆ ಯಾರು ಬರುತ್ತಾರೆ? ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕ್ಲಾಸೆನ್ ದೊರೆ ಬೈಯಲಿಲ್ಲ. ಚಿತ್ರ ಬಿಚ್ಚಿ, ನೆತ್ತಿಯ ಸಂದಿನ ಮೇಲೆ ಬೆರಳಿಟ್ಟು, ಬಾಯಿಯಿಂದ ಹೊಗೆ ಊದಿದಂತೆ ಮಾಡಿ ತೋರಿಸಿದನಂತೆ. ಅಂತಯ್ಯನಿಗೆ ಅರ್ಥವಾಯಿತು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು.

ಸಂದು ತೆರೆಯಬೇಕೆಂದರೆ ಅಡಿಮರ ಕಡಿಯಬೇಕು. ಮಂಜಿ ಕಟ್ಟುವವರಲ್ಲಿ ಒಂದು ಕಟ್ಟಳೆಯಿತ್ತು. ಅಡಿಮರ ಇಡುವ ದಿನ ಆಚಾರಿ ಅದಕ್ಕೆ ಹೂವಿಟ್ಟು ಕೈಮುಗಿದು ಮಾತು ಕೊಡುತ್ತಾನೆ. ತಾನಿಟ್ಟ ಅಡಿಮರಕ್ಕೆ ತಾನೇ ಬಾಚಿಯ ಏಟು ಹಾಕಿದವನು ಆಮೇಲೆ ಯಾವ ದೋಣಿಯನ್ನೂ ಮುಟ್ಟುವಂತಿಲ್ಲ. ಬೇರೆಯವರ ಕೈಯಲ್ಲಿ ಕಡಿಸೋಣವೆಂದರೆ ಯಾವ ಮರದ ಭಾರ ಯಾವುದರ ಮೇಲಿದೆ ಎಂದು ಅಂತಯ್ಯನೊಬ್ಬನಿಗೇ ಗೊತ್ತು. ಒಂದು ಏಟು ತಪ್ಪಿದರೆ ಇಡೀ ಚಾವಣಿ ಕೆಳಗೆ.

ಆಚಾರಿಗಳ ಹಿರಿಯ ಕುಷ್ಟಪ್ಪ ಗುರಿಕಾರ ಮನೆಗೇ ಬಂದನಂತೆ. ಕಟ್ಟಳೆ ಮುರಿಯುವ ಅಧಿಕಾರ ತನಗಿಲ್ಲ, ಕಡಿ ಎಂದು ಹೇಳುವ ಬಾಯಿಯೂ ತನಗಿಲ್ಲ ಎಂದನಂತೆ. ಅಂತಯ್ಯ ಎರಡು ದಿನ ಅನ್ನ ಮುಟ್ಟಲಿಲ್ಲ. ದೋಣಿ ಬಿಟ್ಟರೆ ಅವನಿಗೆ ಬೇರೆ ಬದುಕೇ ಗೊತ್ತಿರಲಿಲ್ಲ. ಮೂರನೆಯ ದಿನ ಪದ್ದಕ್ಕ, ಎದೆಯೊಳಗೆ ಇನ್ನೂ ಹೊಗೆ ಇಟ್ಟುಕೊಂಡೇ, "ಮುಚ್ಚಿದ್ದ್ ನೀವ್. ತೆರುದೂ ನೀವೇ. ಊರ್ ಎಂತ ತಪ್ಪ್ ಮಾಡಿತ್?" ಎಂದಳಂತೆ.

ಅವನು ಎದ್ದ. ಮೊದಲು ಪಕ್ಕೆಮರಗಳಿಗೆ ಎರಡೂ ಬದಿಯಿಂದ ಉದ್ದ ತೊಲೆ ಕೊಟ್ಟು ಬಿಗಿದ. ಆಮೇಲೆ ಒಬ್ಬನೇ ನೆತ್ತಿಗೆ ಹತ್ತಿದ. ಪಕ್ಕೆಮರಗಳು ಕೂಡುವ ಗಂಟು ಮುಟ್ಟದೆ, ಗಂಟಿನಿಂದ ಗಂಟಿಗೆ ನಡುವಿನ ಅಡಿಮರವನ್ನಷ್ಟೇ ತುಂಡು ತುಂಡಾಗಿ ಕಡಿದು ತೆಗೆದ. ಮೊದಲ ಏಟು ಹಾಕುವಾಗ ಜೋರಾಗಿ ಅತ್ತನಂತೆ, ಕೆಳಗಿದ್ದವರಿಗೆಲ್ಲ ಕೇಳಿಸಿತಂತೆ. ಎರಡನೆಯ ಏಟಿನಿಂದ ಬರೀ ಬಾಚಿಯ ಸದ್ದು. ನಾಲ್ಕು ದಿನ ಕಡಿದ. ಇಳಿದು ಬಂದು ಬಾಚಿ, ಉಳಿ, ನಾರು ತುರುಕುವ ಕಬ್ಬಿಣ ಎಲ್ಲವನ್ನೂ ಗುರಿಕಾರನ ಕೈಗೆ ಕೊಟ್ಟ. ಗುರಿಕಾರ ತೆಗೆದುಕೊಂಡ.

ಎಂಟನೆಯ ದಿನ ರೈಲು ಬಂತು. ಹೊಗೆ ನೆಟ್ಟಗೆ ಮೇಲೆ ಹೋಯಿತು. ದೊಡ್ಡ ದೊರೆ ಮೂಗಿಗೆ ಹಿಡಿದಿದ್ದ ಕರವಸ್ತ್ರ ತೆಗೆದ. ಸ್ಟೇಷನ್ ಉಳಿಯಿತು.

ಆಮೇಲೆ ಅಂತಯ್ಯ ಬಾಗಿಲು, ಮಂಚ, ತೊಟ್ಟಿಲು ಮಾಡಿಕೊಂಡು ಬದುಕಿದನಂತೆ. ಮಂಜಿ ಕಟ್ಟುವ ದಂಡೆ ಕಡೆ ಹೋಗುತ್ತಿರಲಿಲ್ಲ. ಪೇಟೆಗೆ ಹೋಗಲೂ ಸುತ್ತುದಾರಿ ಹಿಡಿಯುತ್ತಿದ್ದ.

ಆ ವರ್ಷ ಮಳೆ ಹಿಡಿದಾಗ ನೆತ್ತಿಯ ಸಂದಿನಿಂದ ಪ್ಲಾಟ್‌ಫಾರ್ಮಿನ ನಡುವೆ ಧೋ ಎಂದು ನೀರು ಸುರಿಯಿತು. ಅಂತಯ್ಯನ ಮಂಜಿ ಸೋರುತ್ತದೆ ಎಂದು ಕೆಲವರು ನಕ್ಕರು. ಕ್ಲಾಸೆನ್ ದೊರೆ ಮೇಲೊಂದು ತಗಡು ಹೊದಿಸೋಣ ಎಂದ. ಕಡಲ ಗಾಳಿ ತಗಡಿನ ಅಡಿಗೆ ಹೊಕ್ಕರೆ ಚಾವಣಿಯನ್ನೇ ಎತ್ತಿಬಿಡುತ್ತದೆ, ಸುರಿಯಲಿ ಬಿಡಿ ಎಂದು ಅಂತಯ್ಯ ಹೇಳಿಕಳಿಸಿದ. ಮರುದಿನ ಅವನೇ ಬಂದ. ಮಳೆಗೆಂದು ತಲೆಯ ಮೇಲಿಂದ ಹೊದ್ದಿದ್ದ ಎಲೆಯ ಗೊರಬೆ ತೆಗೆದು ಬದಿಗಿಟ್ಟು, ಆ ನೀರಿನಡಿ ಹೋಗಿ ನಿಂತ. ಗುರಿಕಾರ ಬಂದು ಅವನ ಪಕ್ಕ ನಿಂತನಂತೆ. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು, ಕೊನೆಗೆ ನಕ್ಕವರೂ.

ಈಗ ಹೊಗೆಯ ಇಂಜಿನ್ ಬರುವುದಿಲ್ಲ, ಆ ಸಂದು ಯಾತಕ್ಕೂ ಬೇಡ. ಮುಚ್ಚಿಸಲು ರೈಲಿನವರು ಎಷ್ಟೋ ಸಲ ಬಂದರು, ಊರಿನವರು ಬಿಡಲಿಲ್ಲ. ಮಳೆಗಾಲದಲ್ಲಿ ಹೊರಗಿನವರು ಆ ನೀರು ತಪ್ಪಿಸಿಕೊಂಡು ಗೋಡೆ ಬದಿಯಿಂದ ಓಡುತ್ತಾರೆ. ಹೊಯ್ಗೆಕೋಡಿಯವರು ನಡುವಿನಿಂದಲೇ ಹೋಗುತ್ತಾರೆ. ಅಲ್ಲಿಗೆ ಬಂದಾಗ ಕೊಡೆ ಮಡಚುತ್ತಾರೆ, ತಲೆ ಒದ್ದೆ ಮಾಡಿಕೊಳ್ಳುತ್ತಾರೆ, ಆಮೇಲೆ ರೈಲು ಹತ್ತುತ್ತಾರೆ.