ಗೋದಲಿಗೆ ಬೆನ್ನು ಹಾಕಿದವಳು

ಹೊಳೆಯ ದಂಡೆಯ ಕಾನ್ವೆಂಟಿನಲ್ಲಿ ಐರಿನ್ ಎಂಬ ಹೊಸ ಶಿಷ್ಯೆಗೆ ಅಡುಗೆಮನೆಯ ಕೆಲಸ ಬಿದ್ದಿತ್ತು. ಪ್ರಾರ್ಥನೆಗೆಂದು ಮನೆ ಬಿಟ್ಟು ಬಂದವಳಿಗೆ ಒಲೆ ಊದುವುದೇ ಆಯಿತಲ್ಲ ಎಂದು ಅಳು ಬರುತ್ತಿತ್ತು.

"ಮದರ್, ನನ್ನನ್ನು ಅಡುಗೆಮನೆಯಿಂದ ಬಿಡಿಸಿ. ಇಲ್ಲದಿದ್ದರೆ ಕ್ರಿಸ್ಮಸ್ ಮುಗಿಸಿ ಊರಿಗೆ ಹೋಗ್ತೇನೆ."

ಮದರ್ ಸೆರಫಿನಾಗೆ ವಯಸ್ಸಾಗಿತ್ತು, ಮಾತು ಕಡಿಮೆ. "ಆಯ್ತು. ಮೊದಲು ಗೋದಲಿ ಕಟ್ಟು. ಆಮೇಲೆ ನೋಡುವ" ಎಂದರು.

ಅಲ್ಲಿನ ಗೋದಲಿ ಸಣ್ಣದಲ್ಲ. ಕೊಟ್ಟಿಗೆಯಲ್ಲಿ ಬಾಲಯೇಸು, ಮಾತೆ ಮರಿಯಾ, ಜೋಸೆಫ್. ಸುತ್ತ ಮಣ್ಣಿನ ಗೊಂಬೆಗಳ ಇಡೀ ಒಂದು ಊರು: ನೀರು ಸೇದುವವಳು, ಬಲೆ ಹೆಣೆಯುವವನು, ಗಿರಾಕಿಯ ಗಡ್ಡ ಬೋಳಿಸುವ ಕ್ಷೌರಿಕ, ಬಾಯಿ ತೆರೆದು ಮಲಗಿದ ಕುರಿಗಾಹಿ, ಒಲೆಯ ಮುಂದೆ ಮೀನು ಹುರಿಯುವ ಹೆಂಗಸು.

ಐರಿನ್ ಭತ್ತದ ಮೊಳಕೆಯ ಹಸಿರು ಹಾಸಿದಳು. ಹಲಗೆಯ ಮೇಲಿನ ಹಳೆಯ ಗುರುತುಗಳಂತೆ ಗೊಂಬೆಗಳನ್ನು ಇಟ್ಟು ನೋಡಿದರೆ, ಅರ್ಧ ಊರು ಮಗುವಿನ ಕಡೆ ತಿರುಗಿಯೂ ನೋಡುತ್ತಿಲ್ಲ! ಮೀನಿನವಳಂತೂ ಸೀದಾ ಬೆನ್ನು ಹಾಕಿ ಕೂತಿದ್ದಾಳೆ.

ಐರಿನ್‌ಗೆ ಸಿಟ್ಟು ಬಂತು. ಒಬ್ಬೊಬ್ಬರನ್ನೂ ಹಿಡಿದು ಮಗುವಿನ ಕಡೆ ತಿರುಗಿಸಿದಳು.

ಸಂಜೆ ಮದರ್ ಬಂದು ಮಣೆ ಹಾಕಿಕೊಂಡು ಕೂತರು. ತುಂಬಾ ಹೊತ್ತು ನೋಡಿದರು.

"ಇವಳ ಕೊಡ ಬಾವಿ ಬಿಟ್ಟು ಎಲ್ಲಿಗೆ ಹೊರಟದ್ದು?"

"ಅವಳು ಮಗುವನ್ನು ನೋಡ್ತಿದ್ದಾಳೆ, ಮದರ್."

"ಕ್ಷೌರಿಕನ ಕತ್ತಿ?"

ಕತ್ತಿ ಗಿರಾಕಿಯ ಮೂಗಿನ ಹತ್ತಿರ ಬಂದಿತ್ತು. "ಅವನೂ ಮಗುವನ್ನೇ ನೋಡ್ತಿದ್ದಾನೆ" ಎಂದಳು ಐರಿನ್, ಸ್ವಲ್ಪ ಮೆಲ್ಲಗೆ.

"ಮೀನು ಸೀದು ಹೋಗುವುದಿಲ್ವಾ ಮಾರಾಯ್ತಿ? ಅವಳ ಮನೆಯಲ್ಲಿ ಉಣ್ಣುವವರು ಎಷ್ಟು ಜನ ಇದ್ದಾರೋ ಏನೋ."

ಐರಿನ್ ಮೀನಿನವಳನ್ನು ಮತ್ತೆ ಒಲೆಯ ಕಡೆ ತಿರುಗಿಸಿದಳು. ಗೊಂಬೆಯಿಂದ ಕೈ ತೆಗೆಯಲಾಗಲಿಲ್ಲ. ಕಣ್ಣು ತುಂಬಿ ಬಂತು.

"ದೇವರು ಹುಟ್ಟಿದ ದಿನವೂ ಇವಳಿಗೆ ಅವನ ಮುಖ ನೋಡುವ ಭಾಗ್ಯ ಇಲ್ವಾ, ಮದರ್? ಒಲೆ ಮುಂದೆ ಕೂತವರ ಗತಿ ಇಷ್ಟೇನಾ? ನನ್ನದೂ?"

ಮದರ್ ಮೊಣಕಾಲು ಹಿಡಿದುಕೊಂಡು ಎದ್ದರು. ಕೊಟ್ಟಿಗೆಯೊಳಗೆ ಕೈಹಾಕಿ ಮಗುವನ್ನು ಹುಲ್ಲಿನ ಸಮೇತ ಎತ್ತಿ ತಂದರು. ಒಲೆಯ ಆಚೆ ಬದಿಗೆ, ಮೀನಿನವಳು ತಲೆಯೆತ್ತಿದರೆ ಕಾಣುವ ಹಾಗೆ ಇಟ್ಟರು.

"ಅವಳಿಗೆ ಪುರುಸೊತ್ತಿಲ್ಲ" ಎಂದರು. "ಇವನಿಗೆ ಉಂಟಲ್ಲ."