ಟಗರಿನ ಸಭಾತ್ಯಾಗ

ನಂಬೋದಿಲ್ಲ ಅನ್ನುವವರು ಎದ್ದು ಬಂದು ನನ್ನ ಕೊಂಬಿಗೆ ಹಣೆ ಕೊಡಿ, ಆಮೇಲೆ ಮಾತಾಡೋಣ! ನಮ್ಮ ದೊಡ್ಡಿಯ ಸಂಸತ್ತಿನಲ್ಲಿ ವಿರೋಧ ಪಕ್ಷದ ನಾಯಕ ಈ ಟಗರೇ. ಹುರುಳಿ ಖಾತೆಯ ಮಂತ್ರಿ ಹೆಗ್ಗಣರಾಯ.

ಅವತ್ತು ಹೆಗ್ಗಣರಾಯ ಎದ್ದು, "ಮಾನ್ಯ ಅಧ್ಯಕ್ಷರೇ, ಕಾಲ ಕೆಟ್ಟಿದೆ. ಎಲ್ಲರೂ ಹೊಟ್ಟೆ ಕಟ್ಟಬೇಕು. ಇನ್ನು ಒಬ್ಬೊಬ್ಬರಿಗೆ ಅರ್ಧ ಹಿಡಿ ಹುರುಳಿ," ಎಂದ.

ನಾನು ಬಿಡ್ತೀನಾ? "ಮಂತ್ರಿಗಳೇ, ನಿಮ್ಮ ಹೊಟ್ಟೆ ಕಟ್ಟೋಕೆ ಎತ್ತಿನ ಹಗ್ಗವೂ ಸಾಲದಲ್ರೀ! ಮೊದಲು ಅದನ್ನ ಬಿಗೀರಿ!" ಎಂದು ಗುಡುಗಿದೆ. ಕೋಳಿಗಳೆಲ್ಲ ರೆಕ್ಕೆ ಬಡಿದವು.

ಅಧ್ಯಕ್ಷೆ ಎಮ್ಮೆ ಮೆಲುಕು ನಿಲ್ಲಿಸದೆ, "ಕೂತ್ಕೊಳ್ಳಪ್ಪಾ, ಕೂತ್ಕೋ," ಎಂದಳು.

"ಕೂರೋ ಜಾತಿ ಅಲ್ಲ ನಂದು! ಪೂರ್ತಿ ಹಿಡಿ ಕೊಡದ ಸರ್ಕಾರವನ್ನು ಖಂಡಿಸಿ ಸಭಾತ್ಯಾಗ ಮಾಡ್ತಿದ್ದೀನಿ!" ಎಂದು ಬಾಗಿಲು ದಾಟಿದೆ.

ಹೆಗ್ಗಣರಾಯ ಕಣ್ಣೊರೆಸಿಕೊಂಡ. "ನೋಡಿ ಸ್ವಾಮಿ, ತ್ಯಾಗ ಅಂದರೆ ಇದು! ನಮ್ಮ ಕರೆಗೆ ಮೊದಲು ಓಗೊಟ್ಟವರು ಟಗರಪ್ಪನವರೇ. ಅವರ ಅರ್ಧ ಹಿಡಿಯೂ ಉಳಿಯಿತು!"

ಕೋಳಿಗಳು ಇನ್ನೂ ಜೋರಾಗಿ ರೆಕ್ಕೆ ಬಡಿದವು. "ತ್ಯಾಗ ಅಲ್ರೋ, ಸಭಾತ್ಯಾಗ!" ಎಂದು ಹೊರಗಿನಿಂದ ಅರಚಿದೆ. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಹುರುಳಿ ಬರಲಿಲ್ಲ. ಕೊನೆಗೆ ನನಗೆ ಕೊಟ್ಟಿದ್ದು ಒಂದು ಚೆಂಡುಹೂವಿನ ಹಾರ.