ಹತ್ತರಲ್ಲೊಂದು ತೆನೆ

ಗದ್ದೆಯ ಬದುವಿನಲ್ಲಿ ಒಂದು ಹೆಣ್ಣಿಲಿ ಯಾರ ಹಂಗೂ ಇಲ್ಲದೆ ದುಡಿದು ತಿನ್ನುತ್ತಿತ್ತು. ಅರಮನೆಯ ಕುದುರೆ ಅದನ್ನು ಕಂಡು, "ಮುಪ್ಪಿನಲ್ಲಿ ನನಗೆ ಅರಸರು ಹುರುಳಿ ಹಾಕುತ್ತಾರೆ. ಒಡೆಯನಿಲ್ಲದ ನಿನಗೆ ಯಾರು ಹಾಕುತ್ತಾರೆ?" ಎಂದು ನಕ್ಕಿತು. ಆ ಮಾತು ಇಲಿಯ ಎದೆಗೆ ನಾಟಿತು. ಅಂದಿನಿಂದ ಅದು ತಂದ ಹತ್ತು ತೆನೆಗಳಲ್ಲಿ ಒಂದನ್ನು ಬಿಲದ ಒಳಗೂಡಿಗೆ ಹಾಕಿ ಮಣ್ಣು ಮೆತ್ತತೊಡಗಿತು. ಹಸಿದ ದಿನವೂ ಅದನ್ನು ಮುಟ್ಟಲಿಲ್ಲ.

ವರ್ಷಗಳು ಉರುಳಿ ಇಲಿಯ ಕಾಲುಗಳು ಸೋತವು. "ಲಾಯದ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲು. ನನ್ನ ಬಾಯಿಂದ ಉದುರಿದ್ದನ್ನು ಆಯ್ದುಕೋ," ಎಂದಿತು ಮುದಿ ಕುದುರೆ.

ಇಲಿ ಒಳಗೂಡಿನ ಮಣ್ಣು ಕೆದರಿ ತೆನೆಯೊಂದನ್ನು ಎಳೆದು ತಂದು, ಕುದುರೆಯ ಎದುರೇ ಕುಳಿತು ಕಟಕಟನೆ ಕಡಿಯಿತು.

"ಕುದುರೆರಾಯರೇ, ನನ್ನ ತೆನೆಯನ್ನು ನಾನು ತಲೆಯೆತ್ತಿಯೇ ತಿನ್ನುತ್ತೇನೆ."